ಬೇಗೂರು ಹೋಬಳಿ, ತಾವರೆಕೆರೆ ಗ್ರಾಮ

ನಮ್ಮ ಮನೆಯ ಕ್ರಯಪತ್ರ ಮೂವತ್ತು ವರ್ಷ ಬೀರುವಿನ ಕೆಳಗಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಮಲಗಿತ್ತು. ಇ-ಖಾತೆ ಮಾಡಿಸಬೇಕಾಗಿ ಬಂದಾಗ ಹೊರಗೆ ತೆಗೆದೆ. ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಸ್ಕ್ಯಾನ್ ಮಾಡಿಕೊಡಲು ಬಂದವನು ಷೆಡ್ಯೂಲಿನ ಸಾಲನ್ನು ಗಟ್ಟಿಯಾಗಿ ಓದಿದ. “ಬೆಂಗಳೂರು ದಕ್ಷಿಣ ತಾಲ್ಲೂಕು, ಬೇಗೂರು ಹೋಬಳಿ, ತಾವರೆಕೆರೆ ಗ್ರಾಮ.” ಆಮೇಲೆ ತಲೆಯೆತ್ತಿ ಕೇಳಿದ: “ಆಂಟಿ, ನಾವೀಗ ಇರೋದು ಹಳ್ಳೀಲಾ?”

ಕಿಟಕಿಯಾಚೆ ಎದುರು ಪಿಜಿಯ ನಾಲ್ಕು ಮಹಡಿಗಳ ಬಟ್ಟೆ ಒಣಗುತ್ತಿತ್ತು. ಬಿಟಿಎಂ ಲೇಔಟ್ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಊರುಗಳ ಮೂರು ಇಂಗ್ಲಿಷ್ ಅಕ್ಷರಗಳು. ಇದು ಇಲ್ಲಿ ಹತ್ತು ವರ್ಷ ಇದ್ದವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಹುಡುಗನಿಗೂ ಗೊತ್ತಿರಲಿಲ್ಲ. ಸೊರಬ ತಾಲ್ಲೂಕಿನ ಹಳ್ಳಿಯಿಂದ ಬಂದವನು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ರಜೆ ಸಿಕ್ಕರೆ ಗೆಳೆಯರ ಜೊತೆ ನಂದಿಬೆಟ್ಟಕ್ಕೋ ಚಿಕ್ಕಮಗಳೂರಿಗೋ ಹೋಗುತ್ತಾನೆ. “ಇಲ್ಲಿ ನೋಡೋಕೆ ಏನಿದೆ ಆಂಟಿ?” ಎಂದ. ಆಗ ನನ್ನ ಬಾಯಿಗೆ ಮಡಿವಾಳ ಕೆರೆಯ ಹೆಸರು ಬಿಟ್ಟರೆ ಬೇರೇನೂ ಬರಲಿಲ್ಲ.

ಆ ರಾತ್ರಿ ಕ್ರಯಪತ್ರವನ್ನು ಇನ್ನೊಮ್ಮೆ ಓದಿದೆ. ಮೂರು ಹೆಸರುಗಳಿವೆಯಲ್ಲ, ತಾಲ್ಲೂಕು, ಹೋಬಳಿ, ಗ್ರಾಮ, ಅವನ್ನು ಒಂದೊಂದಾಗಿ ಹೋಗಿ ನೋಡಿಬಂದರೆ ಹೇಗೆ ಎನ್ನಿಸಿತು. ಹೋಬಳಿ ಮೊದಲು. ಹುಡುಗನೂ ಜೊತೆಗೆ ಹೊರಟ.

ಅದು ಧನುರ್ಮಾಸ. ಬಿಟಿಎಂ ಲೇಔಟ್ ನಿಲ್ದಾಣದಿಂದ ಹಳದಿ ಮಾರ್ಗದ ಮೆಟ್ರೊ ಹತ್ತಿದರೆ ಬೊಮ್ಮನಹಳ್ಳಿಗೆ ಎರಡೇ ನಿಲ್ದಾಣ. 2025ರ ಆಗಸ್ಟ್‌ನಲ್ಲಿ ಈ ಮಾರ್ಗ ತೆರೆದ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿನಿಂದ ನೋಡುವ ಭಾಗ್ಯ ನಮಗೆ ಸಿಕ್ಕಿದೆ. ಬೊಮ್ಮನಹಳ್ಳಿಯಲ್ಲಿ ಇಳಿದು ಬೇಗೂರು ಮುಖ್ಯರಸ್ತೆಗೆ ಆಟೊ ಹಿಡಿದೆವು. ಗ್ರಾನೈಟ್ ಅಂಗಡಿ, ಪ್ಲೈವುಡ್ ಅಂಗಡಿ, ಬಿರಿಯಾನಿ ಹೋಟೆಲು, ಅಪಾರ್ಟ್‌ಮೆಂಟಿನ ಗೇಟು, ಮತ್ತೆ ಗ್ರಾನೈಟ್. ಎಲ್ಲಿಯೂ ಊರು ಮುಗಿದು ಇನ್ನೊಂದು ಊರು ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಬೇಗೂರು ಬಂತೆಂದು ಗೊತ್ತಾದದ್ದು ಗೋಪುರ ಕಂಡಾಗಲೇ.

ಆ ಎತ್ತರದ ಗೋಪುರ ಈಚಿನದು. ಅದರ ಕೆಳಗೆ ಹಾದು ಒಳಗೆ ಹೋದರೆ ಗುಡಿಗಳು ತಗ್ಗಾಗಿ, ಅಗಲವಾಗಿ ಕೂತಿವೆ. ನಾಗೇಶ್ವರ, ನಗರೇಶ್ವರ ಗುಡಿಗಳು ತಲಕಾಡಿನ ಗಂಗರ ಕಾಲದವು, ಒಂಬತ್ತು–ಹತ್ತನೆಯ ಶತಮಾನದವು. ಉಳಿದವನ್ನು ಆಮೇಲೆ ಚೋಳರ ಆಳ್ವಿಕೆಯಲ್ಲಿ ಸೇರಿಸಿದರು. ಐದು ಲಿಂಗಗಳಿರುವುದರಿಂದ ಜನರ ಬಾಯಲ್ಲಿ ಇದು ಪಂಚಲಿಂಗೇಶ್ವರ. ಧನುರ್ಮಾಸದ ಪೂಜೆ ಆಗಲೇ ಮುಗಿದಿತ್ತು. ಅರ್ಚಕರು ದೊನ್ನೆಯಲ್ಲಿ ಬಿಸಿ ಹುಗ್ಗಿ ಕೊಟ್ಟರು. “ಕಲ್ಲು ನೋಡೋಕೆ ಬಂದ್ರಾ ತಾಯಿ? ಪ್ರಸಾದ ತಗೊಂಡು ನಿಧಾನಕ್ಕೆ ನೋಡಿ. ಬಿಸಿಲು ಇನ್ನೊಂದು ಸ್ವಲ್ಪ ಮೇಲೆ ಬರಲಿ” ಎಂದರು.

ಬೆಂಗಳೂರು ಎಂಬ ಹೆಸರಿರುವ ಅತ್ಯಂತ ಹಳೆಯ ಶಾಸನ ಈ ಗುಡಿಯ ಆವರಣದಲ್ಲಿದೆ. ಕಾಲ ಸುಮಾರು ಕ್ರಿ.ಶ. 890. ಮೊದಲ ಸಲ ನೋಡಿದವರಿಗೆ ಅದು ದೊಡ್ಡದಾಗಿ ಕಾಣುವುದಿಲ್ಲ. ಹಳೇಬೀಡಿನ ಕೆತ್ತನೆ ನೋಡಿದ ಕಣ್ಣಿಗಂತೂ ಸವೆದ ಬಂಡೆ ಅಷ್ಟೆ. ಆದರೆ ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳ ಒಳಗೆ ನೆರಳು ತುಂಬಿಕೊಂಡು ಒಂದೊಂದೂ ಎದ್ದು ನಿಲ್ಲುತ್ತದೆ. ಅರ್ಚಕರು ಬಿಸಿಲಿಗಾಗಿ ಕಾಯಿಸಿದ್ದು ಇದಕ್ಕೇ. ಹಳಗನ್ನಡದ ಆ ಲಿಪಿ ನಮಗೆ ಓದಲು ಬಾರದು. ಗ ಅಕ್ಷರದ ಕಮಾನನ್ನು ಹುಡುಗ ತಾನೇ ಗುರುತು ಹಿಡಿದ.

ಕಲ್ಲು ಹೇಳುವುದು ಒಂದು ಸಾವಿನ ಸುದ್ದಿ. ನಾಗತ್ತರ ಎಂಬ ಗಂಗರ ಸಾಮಂತ ಈ ನಾಡನ್ನು ಆಳುತ್ತಿದ್ದ. ಅವನ ಕಡೆಯ ಬುಟ್ಟಣಸೆಟ್ಟಿ (ಮಗನೆಂದು ಓದುವವರಿದ್ದಾರೆ) ಬೆಂಗಳೂರಿನ ಕಾಳಗದಲ್ಲಿ ಸತ್ತ. ಇಷ್ಟೇ ವಿಷಯ. ಯಾರೊಡನೆ ಕಾಳಗ, ಯಾಕೆ ಎಂಬುದಕ್ಕಿಂತ ಆ ಊರಿನ ಹೆಸರನ್ನು ಬರೆದಿರುವ ರೀತಿ ನನ್ನನ್ನು ತಡೆದು ನಿಲ್ಲಿಸಿತು. ಕೇಳುವವರಿಗೆಲ್ಲ ಗೊತ್ತಿರುವ ಪಕ್ಕದ ಊರಿನ ಹೆಸರಿನಂತೆ, ಯಾವ ವಿವರಣೆಯೂ ಇಲ್ಲದೆ, ಅದು ಬಂದುಹೋಗುತ್ತದೆ. ಸುದ್ದಿ ಬರೆಸಿದವರ ಲೆಕ್ಕದಲ್ಲಿ ಮುಖ್ಯವಾದ ಊರು ಬೇಗೂರು.

ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿಸಿದ್ದು 1537ರಲ್ಲಿ. ಕಲ್ಲು ಅದಕ್ಕಿಂತ ಆರೂವರೆ ಶತಮಾನ ಹಿಂದಿನದು. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಬಲ್ಲಾಳ ಹುಟ್ಟುವುದಕ್ಕೆ ಎರಡೂವರೆ ಶತಮಾನ ಮೊದಲೇ ಊರಿಗೆ ಹೆಸರಿತ್ತು. ಹಾಗೆಂದು ಕಥೆಯನ್ನು ಬಿಡಲು ನನಗೆ ಮನಸ್ಸಿಲ್ಲ. ಗುಡಿಯಿಂದ ಹೊರಗೆ ಬಂದರೆ ರಸ್ತೆ ಬದಿಯಲ್ಲಿ ಅಜ್ಜಿಯೊಬ್ಬರು ಗೋಣಿಚೀಲದ ಮೇಲೆ ಸೊಗಡು ಅವರೆಕಾಯಿ ಸುರಿದುಕೊಂಡು ಕೂತಿದ್ದರು. ಈ ಸೀಮೆಯ ಚಳಿಗಾಲ ಇವತ್ತಿಗೂ ಅವರೆಕಾಳಿನದೇ. ಕಥೆ ಹುಟ್ಟಿದ ನೆಲ ಸುಳ್ಳಲ್ಲ.

ಅಜ್ಜಿ ಮಾತು ಬಿಚ್ಚಿದರು. “ಕ್ವಾಟೆ ನೋಡ್ಕೊಂಡ್ ಓಗಿ ಕಣಮ್ಮ. ನಾವು ಸಣ್ಣೋರಿದ್ದಾಗ ಅದರ ಮ್ಯಾಲೇ ಓಡಾಡ್ತಿದ್ವಿ. ಈಗ ಯಾವ ಕಡೆ ಉಳ್ದಯ್ತೊ ಹುಡುಕ್ಕಬೇಕು.” ಹಳೆಯ ಬೇಗೂರನ್ನು ಸುತ್ತುವರಿದ ಕೋಟೆಯ ಅವಶೇಷ ಇನ್ನೂ ಅಲ್ಲಲ್ಲಿ ಇದೆ. ಮಣ್ಣಿನ ದಿಬ್ಬದಂತೆ ಶುರುವಾಗಿ ಕಲ್ಲಿನ ಸಾಲಾಗಿ, ಮನೆಗಳ ಹಿತ್ತಿಲಲ್ಲಿ ಮಾಯವಾಗಿ, ಮತ್ತೆಲ್ಲೋ ಎದ್ದು ಬರುತ್ತದೆ. ಊರಿನ ಓಣಿಗಳು ಬಾಗುವುದು ಅದರ ಬಾಗಿಗೆ ತಕ್ಕಂತೆ. ಜೈನ ಬಸದಿಯ ಅವಶೇಷಗಳೂ ಈ ಊರಿನಲ್ಲಿವೆ. ಆ ಧರ್ಮ ಇಲ್ಲಿ ಎಷ್ಟು ಆಳಕ್ಕೆ ಬೇರೂರಿತ್ತು ಎಂದು ತಿಳಿಯಲು ಇನ್ನೊಂದು ಶಾಸನ ಸಾಕು. ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳೆಂದು ಅದು ದಾಖಲಿಸುತ್ತದೆ. ಒಂದೇ ಮನೆಯಲ್ಲಿ ಕಾಳಗದಲ್ಲಿ ಬಿದ್ದವನು, ಅನ್ನಾಹಾರ ತೊರೆದು ಶಾಂತವಾಗಿ ಹೊರಟವಳು. ಇಬ್ಬರ ಹೆಸರೂ ಊರಿನ ಕಲ್ಲಿನಲ್ಲಿ ಉಳಿದಿದೆ.

ಆ ಮನೆಯ ಮೂರನೆಯ ಕಲ್ಲು ಬೇಗೂರಿನಲ್ಲಿ ಇಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ವೀರಗಲ್ಲು ಎಂದೇ ಅದು ಪ್ರಸಿದ್ಧ. ಆನೆ, ಕುದುರೆ, ಕಾಲಾಳುಗಳು ಒಂದರ ಮೇಲೊಂದು ಮುಗಿಬಿದ್ದ ಯುದ್ಧದ ಚಿತ್ರ. ಗಂಗ ದೊರೆ ಎರೆಯಪ್ಪನ ಅಪ್ಪಣೆಯ ಮೇಲೆ ನಾಗತ್ತರ ಅಯ್ಯಪದೇವನ ನೆರವಿಗೆ ಹೋಗಿ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೇನೆಯೊಡನೆ ಕಾದಿ ಮಡಿದ. ಸಂತೋಷಪಟ್ಟ ದೊರೆ ಇರುಗ ಎಂಬುವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಕಲ್ನಾಡಾಗಿ (ವೀರನ ನೆನಪಿಗೆ ಕೊಡುವ ಭೂಮಿಯಾಗಿ) ಕೊಟ್ಟದ್ದು ‘ಬೆಂಪೂರು ಹನ್ನೆರಡು’.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಬೆಂಪೂರು ಎಂದರೆ ಬೇಗೂರು. ಹನ್ನೆರಡು ಎಂದರೆ ಅದಕ್ಕೆ ಸೇರಿದ ಹನ್ನೆರಡು ಹಳ್ಳಿಗಳ ಗುಂಪು. ಅವುಗಳ ಹೆಸರುಗಳನ್ನು ಕಲ್ಲು ಪಟ್ಟಿ ಮಾಡುತ್ತದೆ. ಅದರಲ್ಲಿ ಇಗ್ಗಲೂರು ಒಂದು. ಆ ಹೆಸರಿನ ಊರು ಇವತ್ತೂ ಚಂದಾಪುರದ ಪಕ್ಕದಲ್ಲಿದೆ. ಒಂದು ದೊಡ್ಡ ಊರು, ಅದರ ಕೈಕೆಳಗೆ ಸುತ್ತಲಿನ ಹಳ್ಳಿಗಳು. ಕಂದಾಯ ಇಲಾಖೆ ಇದನ್ನೇ ಹೋಬಳಿ ಎನ್ನುತ್ತದೆ. ಗಡಿಗಳು ಬದಲಾಗಿವೆ, ಹಳ್ಳಿಗಳ ಸಂಖ್ಯೆ ಬೆಳೆದಿದೆ. ಆದರೆ ಗಂಗರು ಹೋಗಿ ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರಿನವರು ಬಂದು, ಬ್ರಿಟಿಷರೂ ಹೋಗಿ, ಕೊನೆಗೆ ಲೇಔಟುಗಳು ಬಂದರೂ ಸುತ್ತಲಿನ ಊರುಗಳು ಬೇಗೂರಿನ ಹೆಸರಿನ ಕೆಳಗೇ ಬರೆಯಲ್ಪಡುತ್ತಿವೆ. ನನ್ನ ಬೀರುವಿನಲ್ಲಿದ್ದ ಛಾಪಾಕಾಗದದ ಒಂದು ಪದಕ್ಕೆ ಸಾವಿರದ ನೂರು ವರ್ಷಗಳ ವಯಸ್ಸು. ಅದನ್ನು ಓದದೆ ಕಳೆದ ಮೂವತ್ತು ವರ್ಷಗಳಿಗಾಗಿ ನನಗೆ ನಿಜವಾಗಿ ದುಃಖವಾಯಿತು.

ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಶಾಸನಗಳನ್ನು ಜೋಡಿಸಿರುವುದು ತಾಲ್ಲೂಕಿನ ಲೆಕ್ಕದಲ್ಲೇ. ಅಂದರೆ ತಮ್ಮ ಮನೆಯ ಕ್ರಯಪತ್ರ ಇಟ್ಟುಕೊಂಡವರು ಯಾರೇ ಆದರೂ ತಮ್ಮ ತಾಲ್ಲೂಕು ತೆರೆದು, ತಮ್ಮ ಊರಿನ ಕಲ್ಲು ಇದೆಯೇ ಎಂದು ನೋಡಬಹುದು. ಈಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿ ಇಂಥ ಕಲ್ಲುಗಳನ್ನು ಹುಡುಕಿಕೊಂಡು ಹೋಗಿ ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಕೆಲವು ಬಾರಿ ಕಲ್ಲು ಸಿಗುವುದು ಚರಂಡಿಯ ಚಪ್ಪಡಿಯಾಗಿ, ಕೆಲವು ಬಾರಿ ಬಟ್ಟೆ ಒಗೆಯುವ ಕಲ್ಲಾಗಿ. ಕೆಲವು ಸಿಗುವುದೇ ಇಲ್ಲ. 1905ರ ಪುಟದಲ್ಲಿದ್ದ ಕಲ್ಲು ನೂರಿಪ್ಪತ್ತು ವರ್ಷಗಳಲ್ಲಿ ಅಡಿಪಾಯದ ಕೆಳಗೆ ಹೋಗಿರುತ್ತದೆ.

ಮುಂದಿನ ಭಾನುವಾರ ಗ್ರಾಮದ ಸರದಿ. ತಾವರೆಕೆರೆಯ ಹಳೆಯ ಸುದ್ದಿ ತಾವರೆಕೆರೆಯಲ್ಲಿ ಇಲ್ಲ, ಹಳೇ ಮಡಿವಾಳದ ಸೋಮೇಶ್ವರ ಗುಡಿಯ ಗೋಡೆಯ ಮೇಲಿದೆ. ನಡೆದೇ ಹೋದೆವು. ತರಕಾರಿ ಮಾರುಕಟ್ಟೆಯ ಗದ್ದಲ, ಊರಿಂದ ರಾತ್ರಿ ಬಸ್ಸಿನಲ್ಲಿ ಬಂದು ಬ್ಯಾಗು ಹೊತ್ತು ಇಳಿಯುವ ಹುಡುಗ ಹುಡುಗಿಯರು, ಆಟೊಗಳ ಕೂಗಾಟ. ಇವೆಲ್ಲದರಿಂದ ಒಂದು ತಿರುವು ಒಳಗೆ, ನಗರದ ಅತ್ಯಂತ ಹಳೆಯ ಗುಡಿಗಳಲ್ಲೊಂದು ಇದೆ. ಚೋಳರ ಕಾಲದಿಂದ ಬಂದದ್ದು. ಹೊರಗೋಡೆಯ ಕಲ್ಲುಗಳ ಮೇಲೆ ತಮಿಳು ಮತ್ತು ಗ್ರಂಥ ಲಿಪಿಯ ಶಾಸನಗಳು.

ಅವುಗಳಲ್ಲಿ ಹಳೆಯದು 1247ರದು. ವೆಪ್ಪೂರಿನ ಒಬ್ಬರು, ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದಾನ ಕೊಟ್ಟದ್ದು. ವೆಪ್ಪೂರು ಎಂದರೆ ಹೋದ ವಾರ ನಾವು ಹುಗ್ಗಿ ತಿಂದ ಬೇಗೂರು. ವೆಂಗಳೂರು ಎಂದರೆ ಬೆಂಗಳೂರು. ತಮಿಳಿನ ನಾಲಗೆಯಲ್ಲಿ ಬಕಾರ ವಕಾರವಾಗಿದೆ. ಹೊಯ್ಸಳರ ಮೂರನೆಯ ಬಲ್ಲಾಳನ ಕಾಲದ ದಾನವೂ ಇದೇ ಗೋಡೆಯಲ್ಲಿದೆ. ಇನ್ನೊಂದು ಕಲ್ಲು 1365ರದು, ವಿಜಯನಗರ ಇನ್ನೂ ಎಳೆಯ ರಾಜ್ಯವಾಗಿದ್ದ ಕಾಲದ್ದು. ಅದರಲ್ಲಿ ‘ತಾಮರೈಕ್ಕಿರೈ’ ಎಂಬ ಊರಿನ ಹೆಸರು ಬರುತ್ತದೆ. ತಾವರೆಕೆರೆ!

ಹುಡುಗ ಫೋನಿನಲ್ಲಿ ಕ್ರಯಪತ್ರದ ಚಿತ್ರ ತೆಗೆದು ಗೋಡೆಯ ಪಕ್ಕ ಹಿಡಿದ. ಕಾಗದದಲ್ಲೂ ಊರಿನ ಹೆಸರು, ಕಲ್ಲಿನಲ್ಲೂ ಊರಿನ ಹೆಸರು. ಕಾಗದ ಹೇಳುವುದೂ ಭೂಮಿಯ ವಿಷಯ, ಕಲ್ಲು ಹೇಳುವುದೂ ಭೂಮಿಯ ವಿಷಯ. ಯಾರು ಕೊಟ್ಟರು, ಯಾರಿಗೆ, ಎಲ್ಲಿಯ ನೆಲ ಎಂಬ ಅದೇ ಕ್ರಮ. ನಮ್ಮ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಮೂವತ್ತಡಿ ರಸ್ತೆ ಎಂದಿದೆ. ಅವರ ನೆಲಕ್ಕೆ ಗುರುತು ಕೆರೆ. ಈ ಸೀಮೆಯಲ್ಲಿ ಜಾಗ ತೋರಿಸಲು ಕೆರೆಗಿಂತ ನಂಬಿಕೆಯ ಗುರುತು ಬೇರೆ ಇರಲಿಲ್ಲ. ಊರಿನ ಹೆಸರುಗಳನ್ನೇ ನೋಡಿ. ಬೈರಸಂದ್ರ, ಹೊಂಗಸಂದ್ರ, ಸಿಂಗಸಂದ್ರ. ಆ ‘ಸಂದ್ರ’ವೆಲ್ಲ ಸಮುದ್ರ, ದೊಡ್ಡ ಕೆರೆ. ಕೋಡಿಚಿಕ್ಕನಹಳ್ಳಿಯ ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಬಾಯಿ. ಕುಂಟೆ, ಕಟ್ಟೆ, ಕೆರೆ. ಮೆಟ್ರೊ ನಿಲ್ದಾಣಗಳ ಫಲಕಗಳನ್ನು ಓದುತ್ತಾ ಹೋದರೆ ನೀರಿನ ನಕ್ಷೆಯೇ ಕಾಣುತ್ತದೆ.

ಅಗರದ ಕಲ್ಲು ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ. ನಮ್ಮ ಮನೆಯಿಂದ ಅಗರ ಮೂರು ನಾಲ್ಕು ಕಿಲೋಮೀಟರು, ಎಚ್‌ಎಸ್‌ಆರ್ ಲೇಔಟಿನ ಮಗ್ಗುಲಲ್ಲಿ. ಅಲ್ಲಿನ ಶಾಸನ ಸುಮಾರು 870ರದು, ನಾಗತ್ತರ ನಾಡನ್ನು ಆಳುತ್ತಿದ್ದಾಗಿನದು. ಒಬ್ಬ ಊರೊಡೆಯ ಎರಡು ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದು ಕೆರೆಯನ್ನು ಕಟ್ಟಿಸಿದ ಸಂಗತಿ ಅದರಲ್ಲಿದೆ. ಯುದ್ಧದ ಕಲ್ಲಿನ ಮುಂದೆ ನಿಂತಾಗ ಬಾರದ ಭಾವ ನನಗೆ ಈ ಕಲ್ಲಿನ ವಿಷಯ ಓದಿದಾಗ ಬಂತು. ತೂಬು ಸಣ್ಣ ವಸ್ತು. ಏರಿಯ ಕೆಳಗೆ ಕಲ್ಲಿನ ಗೂಡು, ನೀರು ಬಿಡುವ, ತಡೆಯುವ ಬಾಯಿ. ಅದಿಲ್ಲದಿದ್ದರೆ ಕೆರೆ ಬರೀ ನೋಡುವ ನೀರು. ಅದಿದ್ದರೆ ಕೆಳಗಿನ ಗದ್ದೆ ಹಸಿರು. ಅದನ್ನು ಇಡಿಸಿದವನ ಕೆಲಸ ಕಲ್ಲಿನಲ್ಲಿ ಬರೆಯುವಷ್ಟು ದೊಡ್ಡದು ಎಂದು ಆ ಜನ ತಿಳಿದಿದ್ದರು. ಅಗರ ಕೆರೆಯ ಏರಿ ಈಗ ಬೆಳಗಿನ ವಾಕಿಂಗ್ ಹಾದಿ. ಸಾವಿರಾರು ಜನ ನಡೆಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಈ ಸಂಗತಿಯನ್ನು ಅವರಿಗೊಂದು ಸಲ ಹೇಳಬೇಕು ಎಂದು ನನ್ನ ಆಸೆ.

ಮಡಿವಾಳ ಕೆರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬಿಟಿಎಂನವರಿಗೆ ಗೊತ್ತು. ದಾಖಲೆಯಲ್ಲಿ 270 ಎಕರೆ ದಾಟುವ ಕೆರೆ, ನಗರದ ದೊಡ್ಡ ಕೆರೆಗಳಲ್ಲೊಂದು. ಚಳಿಗಾಲದ ಬೆಳಗ್ಗೆ ಹೆಜ್ಜಾರ್ಲೆಗಳು ನೀರಿಗಿಳಿಯುವುದನ್ನು ನೋಡಲು ಹೋಗಿ. ಬನ್ನೇರುಘಟ್ಟ ರಸ್ತೆಯಲ್ಲಿ ಹುಳಿಮಾವಿನ ಗವಿ ಗುಡಿ ಇದೆ. ಒಂದೇ ಬಂಡೆಯ ಒಳಗಿನ ತಂಪು, ರಾಮಲಿಂಗೇಶ್ವರ, ಹೊರಗೆ ಟ್ರಾಫಿಕ್. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಆನೇಕಲ್ ತಾಲ್ಲೂಕು ಶುರು. ಬನ್ನೇರುಘಟ್ಟಕ್ಕೆ ಹೋಗುವವರು ಹುಲಿ, ಸಿಂಹ, ಚಿಟ್ಟೆ ಉದ್ಯಾನ ನೋಡಿ ವಾಪಸಾಗುತ್ತಾರೆ. ಊರೊಳಗಿನ ಚಂಪಕಧಾಮಸ್ವಾಮಿಯ ಗುಡಿಗೂ ಒಂದು ಗಂಟೆ ಇಟ್ಟುಕೊಳ್ಳಿ. ಮಳೆಗಾಲವಾದರೆ ಆನೇಕಲ್ಲಿನಿಂದ ಐದು ಕಿಲೋಮೀಟರಿನ ಮುತ್ಯಾಲಮಡುವಿಗೆ ಹೋಗಬಹುದು. ನೀರು ಮುತ್ತಿನಂತೆ ಉದುರುತ್ತದೆ ಎಂದು ಆ ಹೆಸರು. ಬೇಸಿಗೆಯಲ್ಲಿ ಹೋದರೆ ಬಂಡೆ ಮಾತ್ರ.

ಆನೇಕಲ್ ಸೀಮೆಯಲ್ಲಿ ನಾನು ಬೇರೆಯಾಗಿ ಹೇಳಲೇಬೇಕಾದದ್ದು ಹುಸ್ಕೂರು ಮದ್ದೂರಮ್ಮನ ಜಾತ್ರೆ. ಮಾರ್ಚ್–ಏಪ್ರಿಲ್‌ನಲ್ಲಿ ನಡೆಯುತ್ತದೆ. ಸುತ್ತಲಿನ ಹಳ್ಳಿಗಳಿಂದ ನೂರು ಅಡಿಗೂ ಎತ್ತರದ ತೇರುಗಳು ದೇವಿಯ ಬಳಿಗೆ ಬರುತ್ತವೆ. ಊರಿನವರು ಅವನ್ನು ಕುರ್ಜು ಎನ್ನುತ್ತಾರೆ. ಮರದ ಚೌಕಟ್ಟಿಗೆ ಬಣ್ಣದ ಬಟ್ಟೆ ಕಟ್ಟಿ, ಜೋಡಿ ಜೋಡಿ ಎತ್ತುಗಳನ್ನು ಹೂಡಿ, ಹಿಂದೆ ಮುಂದೆ ಹಗ್ಗ ಹಿಡಿದು ಹೊಲ, ರಸ್ತೆಗಳ ಮೇಲೆ ಎಳೆದು ತರುತ್ತಾರೆ. ದೂರದಿಂದ ನೋಡಿದರೆ ಅಪಾರ್ಟ್‌ಮೆಂಟುಗಳ ನಡುವೆ ಇನ್ನೊಂದು ಕಟ್ಟಡ ನಡೆದುಬರುತ್ತಿರುವಂತೆ ಕಾಣುತ್ತದೆ. ಚಿಕ್ಕಂದಿನಿಂದ ಎಳೆದ ಕೈಗಳಿಗೆ ಮಾತ್ರ ಆ ಎತ್ತರವನ್ನು ನೇರ ನಿಲ್ಲಿಸುವ ಲೆಕ್ಕ ಗೊತ್ತು. ಆದರೂ 2024ರಲ್ಲಿ ಒಂದು ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿ ಮಳೆಗೆ ತೇರುಗಳು ಬಿದ್ದು ಜೀವಹಾನಿಯಾಯಿತು. ಎತ್ತರದ ಪೈಪೋಟಿಯನ್ನು ಊರುಗಳೇ ಕೂತು ಮಾತಾಡಿ ತಗ್ಗಿಸಿಕೊಂಡರೆ ಮದ್ದೂರಮ್ಮ ಮುನಿಯಲಾರಳು ಎಂದು ನನ್ನ ನಂಬಿಕೆ. ಜಾತ್ರೆ ಉಳಿಯಬೇಕು, ಎಳೆಯುವ ಮಕ್ಕಳು ಮನೆಗೆ ಮರಳಬೇಕು. ಹೋಗುವವರು ತೇರಿನ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ ನಿಂತು ನೋಡಿ. ಹಳದಿ ಮಾರ್ಗದಲ್ಲಿ ಹುಸ್ಕೂರು ರಸ್ತೆ ಎಂಬ ನಿಲ್ದಾಣವೇ ಇದೆ.

ತಾಲ್ಲೂಕು ಇನ್ನೂ ಬಾಕಿ ಉಳಿಯಿತು. ಬೆಂಗಳೂರು ದಕ್ಷಿಣ ತಾಲ್ಲೂಕು ಎಂದರೆ ಆ ಕಡೆ ಕೇತೋಹಳ್ಳಿಯ ದೊಡ್ಡ ಆಲದ ಮರದವರೆಗೂ ಚಾಚಿದೆ. ಮೂರು ಎಕರೆ ಹಬ್ಬಿದ, ನಾನೂರು ವರ್ಷದ್ದೆನ್ನುವ ಮರ. ಮೂಲ ಕಾಂಡ ರೋಗ ತಗಲಿ ಹೋಗಿ ಕಾಲು ಶತಮಾನವಾಯಿತು. ಬಿಳಲುಗಳೇ ಕಾಂಡವಾಗಿ ನಿಂತಿವೆ. ಅಲ್ಲಿಗೆ ಬುತ್ತಿ ಕಟ್ಟಿಕೊಂಡೇ ಹೋಗಬೇಕು, ಇಡೀ ದಿನ ಬೇಕು.

ನೋಡಹೊರಡುವವರಿಗೆ ಒಂದೆರಡು ಮಾತು. ಗುಡಿಗಳಿಗೆ ಬೆಳಗ್ಗೆಯೇ ಹೋಗಿ; ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಬೆಳಗ್ಗೆ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲೇ ಶಾಸನ ಕಾಣುವುದು, ನಡುಹಗಲಿನಲ್ಲಿ ಕಲ್ಲು ಮೌನ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಬಳಪ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಪಕ್ಕದಿಂದ ಟಾರ್ಚು ಹಿಡಿದರೆ ಸಾಕು. ಊರಿನ ಹಿರಿಯರನ್ನು ಕೇಳಿ. “ಶಾಸನ ಎಲ್ಲಿದೆ?” ಎಂದರೆ ಅರ್ಥವಾಗದೇ ಹೋಗಬಹುದು, “ಅಕ್ಷರದ ಕಲ್ಲು ಎಲ್ಲೈತೆ?” ಎಂದರೆ ಕೈಹಿಡಿದು ಕರೆದೊಯ್ಯುತ್ತಾರೆ.

ಯುಗಾದಿಗೆ ಹುಡುಗ ಊರಿಗೆ ಹೋದ. ಹಬ್ಬದ ಮಾರನೆಯ ದಿನ ಬೆಳಗ್ಗೆ ಏಳಕ್ಕೆ ಫೋನು. “ಆಂಟಿ, ನಮ್ಮೂರ ಅಶ್ವತ್ಥಕಟ್ಟೆ ಪಕ್ಕ ಒಂದು ಕಲ್ಲಿದೆ. ಸಣ್ಣವರಿದ್ದಾಗ ಅದನ್ನೇ ವಿಕೆಟ್ ಮಾಡ್ಕೊಂಡು ಕ್ರಿಕೆಟ್ ಆಡ್ತಿದ್ವಿ. ಈಗ ಬಿಸಿಲು ಪಕ್ಕದಿಂದ ಬೀಳ್ತಿದೆ. ಮೇಲೆ ಇಬ್ಬರು ಚಾಮರ ಬೀಸೋರು, ಕೆಳಗೆ ಬಿಲ್ಲು ಹಿಡಿದವನು, ನಡುವೆ ನಾಲ್ಕು ಸಾಲು ಅಕ್ಷರ ಇದೆ. ಅಪ್ಪನಿಗೂ ಗೊತ್ತಿರಲಿಲ್ಲವಂತೆ. ಗ ಸಿಕ್ಕಿದೆ. ಉಳಿದದ್ದು ಯಾರನ್ನ ಕೇಳೋದು?”

ಚಿತ್ರ ಕಳಿಸು ಎಂದೆ. ಕಳಿಸಿದ. ಚಿತ್ರದ ಅಂಚಿನಲ್ಲಿ ಅವನ ಅಪ್ಪ ಪಂಚೆ ಎತ್ತಿಕಟ್ಟಿಕೊಂಡು, ಕಲ್ಲಿನ ಬುಡದ ಹುಲ್ಲು ಕೀಳುತ್ತಿದ್ದರು.